ನಾಲಿಗೆಯ ಮೇಲೆ ಎರಡು ತಂಪು

ಮಕ್ಕಳೇ, ಮನೆಗೆ ನೆಂಟರು ಬರುವ ದಿನ ನಿಮ್ಮ ಪಾಲಿಗೆ ಬರುವ ಕೆಲಸ ಯಾವುದು? ತಟ್ಟೆ ಜೋಡಿಸುವುದು, ನೀರು ಕೊಡುವುದು, ಅಷ್ಟೇ ತಾನೆ? ಈ ಸಲ ಊಟದ ಕೊನೆಗೆ ಕೊಡುವ ಸಿಹಿಯನ್ನೇ ನೀವು ವಹಿಸಿಕೊಳ್ಳಿ. ಚಾಕೊಲೇಟ್, ಕ್ರೀಮ್, ಪುದೀನ ಸೇರಿಸಿ ಮಾಡುವ ನುಣುಪಾದ, ಗಟ್ಟಿಯಾದ ಸಿಹಿ ಅದು. ಚಿಕ್ಕ ಬಟ್ಟಲುಗಳಲ್ಲಿ ಹಾಕಿಟ್ಟರೆ ಎಂಟು ಜನಕ್ಕೆ ಸಾಕು. ಒಲೆಯ ಹತ್ತಿರ ಮಾತ್ರ ದೊಡ್ಡವರೊಬ್ಬರು ಜೊತೆಗಿರಲಿ.

ಆದರೆ ನಿಮ್ಮನ್ನು ಅಡುಗೆಮನೆಗೆ ಕರೆಯಲು ನನಗೆ ಇನ್ನೊಂದು ಆಸೆಯೂ ಇದೆ. ಈ ಸಿಹಿಯನ್ನು ಬಾಯಿಗಿಟ್ಟರೆ ತಂಪು ಅನ್ನಿಸುತ್ತದೆ. ಆ ತಂಪಿನಲ್ಲಿ ಸ್ವಲ್ಪ ನಿಜ, ಉಳಿದದ್ದು ಶುದ್ಧ ಸುಳ್ಳು. ನಿಜ ಎಷ್ಟು, ಸುಳ್ಳು ಯಾವುದು ಅಂತ ನಾವೇ ಪತ್ತೆ ಮಾಡೋಣ ಬನ್ನಿ.

ಮೊದಲು ಚಾಕೊಲೇಟಿನ ಒಂದು ಚೂರು ತೆಗೆದುಕೊಳ್ಳಿ. ನಾಲಿಗೆಯ ಮೇಲಿಡಿ. ಕಚ್ಚಬೇಡಿ, ಚೀಪಬೇಡಿ, ಸುಮ್ಮನೆ ಕಣ್ಣು ಮುಚ್ಚಿಕೊಂಡು ಕಾಯಿರಿ. ಅದಕ್ಕೆ ತುಂಬಾ ತಾಳ್ಮೆ ಬೇಕು, ನನಗೆ ಗೊತ್ತು! ಸ್ವಲ್ಪ ಹೊತ್ತಿನಲ್ಲಿ ಅದರ ಅಂಚು ಮೆತ್ತಗಾಗುತ್ತದೆ, ಆಮೇಲೆ ಇಡೀ ಚೂರು ಜಾರತೊಡಗುತ್ತದೆ. ಈಗ ಸೂಕ್ಷ್ಮವಾಗಿ ಗಮನಿಸಿ. ಚೂರು ಇದ್ದ ಜಾಗದಲ್ಲಿ ತೀರಾ ಸಣ್ಣದೊಂದು ತಂಪು ಗೊತ್ತಾಗುತ್ತದೆಯೇ?

ಅದೆಲ್ಲಿಂದ ಬಂತು ಅಂತ ತಿಳಿಯಲು ಸ್ವಲ್ಪ ಹೊತ್ತು ಪುತ್ತೂರಿನ ಕಡೆಗೆ ಹೋಗಿಬರೋಣ. ದಕ್ಷಿಣ ಕನ್ನಡದಲ್ಲಿ ಅಡಿಕೆ ತೋಟದ ನೆರಳಿನಲ್ಲಿ ಕೊಕ್ಕೊ ಗಿಡ ಬೆಳೆಸುತ್ತಾರೆ. ಅದರ ಕಾಯಿ ಕೊಂಬೆಯ ತುದಿಯಲ್ಲಿ ತೂಗಾಡುವುದಿಲ್ಲ, ಹಲಸಿನ ಕಾಯಂತೆ ಕಾಂಡಕ್ಕೇ ಅಂಟಿಕೊಂಡಿರುತ್ತದೆ. ಹಣ್ಣು ಒಡೆದರೆ ಬಿಳಿ ತಿರುಳು ಮೆತ್ತಿದ ಬೀಜಗಳ ಗೊಂಚಲು. ತಿರುಳು ಹುಳಿಸಿಹಿ. ಅಳಿಲುಗಳಿಗೆ ಅದೆಂದರೆ ಪ್ರಾಣ. ಅವು ಕಾಯಿಗೆ ತೂತು ಕೊರೆದು ತಿರುಳು ತಿಂದು ಹೋಗುತ್ತವೆ, ಬೆಳೆದವರು ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾರೆ.

ಹಸಿ ಬೀಜಕ್ಕೆ ಚಾಕೊಲೇಟಿನ ವಾಸನೆ ಇರುವುದೇ ಇಲ್ಲ. ಬೀಜಗಳನ್ನು ರಾಶಿ ಹಾಕಿ, ಮುಚ್ಚಿ, ಐದಾರು ದಿನ ಹುಳಿಯಲು ಬಿಡುತ್ತಾರೆ. ಕಣ್ಣಿಗೆ ಕಾಣದ ಜೀವಿಗಳು ಆ ತಿರುಳನ್ನು ತಿನ್ನುತ್ತಾ ರಾಶಿಯನ್ನು ಬಿಸಿ ಮಾಡುತ್ತವೆ. ಆಮೇಲೆ ಬಿಸಿಲಿನಲ್ಲಿ ಒಣಗಿಸಿ ಹುರಿದಾಗಲೇ ಆ ಘಮ ಏಳುವುದು. ಕರ್ನಾಟಕ ಮತ್ತು ಕೇರಳದ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಅಡಿಕೆಯ ನೆರಳಲ್ಲಿ ಬೆಳೆದ ಬೀಜ ಅದೇ ಊರಿನಲ್ಲಿ ಚಾಕೊಲೇಟ್ ಆಗುತ್ತದೆ ಎಂಬುದು ನನಗಂತೂ ಬಹಳ ಖುಷಿ ಕೊಡುವ ಸಂಗತಿ.

ಒಣಗಿದ ಕೊಕ್ಕೊ ಬೀಜದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೊಬ್ಬು. ಅದನ್ನು ಕೊಕ್ಕೊ ಬೆಣ್ಣೆ ಎನ್ನುತ್ತಾರೆ. ನಮ್ಮ ಪತ್ತೇದಾರಿಕೆಗೆ ಬೇಕಾದ ಮೊದಲ ಸುಳಿವು ಇದೇ.

ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟುವುದನ್ನು ನೀವು ನೋಡಿದ್ದೀರಿ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಹಾಗಾಗಿ ಬೆಳಗ್ಗೆ ಗಟ್ಟಿ, ಬಿಸಿಲೇರಿದ ಮೇಲೆ ನೀರು. ಕೊಕ್ಕೊ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಗೆ. ನಿಮ್ಮ ಮೈಯೊಳಗಿನ ಬಿಸಿ ಸುಮಾರು 37 ಡಿಗ್ರಿ. ಈ ಎರಡು ಸಂಖ್ಯೆಗಳ ನಡುವೆ ಇರುವುದು ಬರೀ ಮೂರು ಡಿಗ್ರಿ! ಅದಕ್ಕೇ ಚಾಕೊಲೇಟ್ ಡಬ್ಬಿಯಲ್ಲಿ ಟಕ್ಕೆಂದು ಮುರಿಯುವಷ್ಟು ಗಟ್ಟಿ, ಬಾಯಿಗೆ ಹೋದ ಕೂಡಲೇ ನೀರು. ಕಲಬುರಗಿಯ ಬೇಸಿಗೆಯಲ್ಲಿ ಅದು ಬಾಯಿ ತನಕ ಕಾಯುವುದೂ ಇಲ್ಲ, ಅಂಗಡಿಯಲ್ಲೇ ಕರಗಿಬಿಡುತ್ತದೆ.

ಗಟ್ಟಿಯಾದದ್ದು ಕರಗಬೇಕಾದರೆ ಅದಕ್ಕೆ ಶಾಖ ಬೇಕು. ಒಲೆಯ ಮೇಲಿದ್ದರೆ ಒಲೆ ಕೊಡುತ್ತದೆ. ಬಾಯಲ್ಲಿ ಒಲೆ ಎಲ್ಲಿದೆ? ಅಲ್ಲಿ ಶಾಖ ಕೊಡುವುದು ನಿಮ್ಮ ನಾಲಿಗೆಯೇ. ಕೊಟ್ಟ ನಾಲಿಗೆಯಲ್ಲಿ ಅಷ್ಟು ಶಾಖ ಕಡಿಮೆಯಾಯಿತು. ಅದೇ ಆ ಸಣ್ಣ ತಂಪು. ಇದು ನಿಜವಾದ ತಂಪು. ಚಾಕೊಲೇಟ್ ನಿಮ್ಮಿಂದ ನಿಜವಾಗಿಯೂ ಏನನ್ನೋ ತೆಗೆದುಕೊಂಡಿದೆ.

ಅಂಗಡಿಗೆ ಹೋದಾಗ ಪೊಟ್ಟಣದ ಹಿಂದೆ ಬರೆದಿರುವುದನ್ನು ಓದಿ. ಅಗ್ಗದ ಎಷ್ಟೋ ಅಡುಗೆ ಚಾಕೊಲೇಟುಗಳಲ್ಲಿ ಕೊಕ್ಕೊ ಬೆಣ್ಣೆ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ. ಅಂಥದ್ದನ್ನು ಕಾಂಪೌಂಡ್ ಎನ್ನುತ್ತಾರೆ. ಬಿಸಿಲಿಗೆ ಅದು ಅಷ್ಟು ಬೇಗ ಕರಗುವುದಿಲ್ಲ, ಬಾಯಲ್ಲೂ ಅಷ್ಟು ಬೇಗ ಕರಗುವುದಿಲ್ಲ. ಮೇಣ ಅಗಿದಂತಾಗುತ್ತದೆ. ನೆಂಟರಿಗೆ ಮಾಡುವಾಗ ಕೊಕ್ಕೊ ಬೆಣ್ಣೆ ಇರುವ ಡಾರ್ಕ್ ಚಾಕೊಲೇಟನ್ನೇ ತನ್ನಿ.

ಇನ್ನು ಕೆಲಸಕ್ಕೆ ಇಳಿಯೋಣ. 200 ಗ್ರಾಂ ಚಾಕೊಲೇಟನ್ನು ಸಣ್ಣಗೆ ಹೆಚ್ಚಿ ಒಣ ಪಾತ್ರೆಯಲ್ಲಿಡಿ. ಇನ್ನೊಂದು ಪಾತ್ರೆಯಲ್ಲಿ 200 ಮಿಲಿಲೀಟರ್ ಫ್ರೆಶ್ ಕ್ರೀಮ್ ಹಾಕಿ. ಒಂದು ಹಿಡಿ ಪುದೀನ ಎಲೆಯನ್ನು ಅಂಗೈಯಲ್ಲಿ ಹಿಸುಕಿ ಅದರೊಳಗೆ ಸೇರಿಸಿ. ಸಣ್ಣ ಉರಿಯಲ್ಲಿ ಅಂಚಿನಲ್ಲಿ ಗುಳ್ಳೆ ಏಳುವ ತನಕ ಬಿಸಿ ಮಾಡಿ, ಇಳಿಸಿ, ಮುಚ್ಚಳ ಮುಚ್ಚಿ ಇಪ್ಪತ್ತು ನಿಮಿಷ ಬಿಡಿ.

ಹಿಸುಕುವುದೇಕೆ? ಪುದೀನ ಎಲೆಯ ಮೇಲೆ ತೀರಾ ಪುಟ್ಟ ಎಣ್ಣೆಚೀಲಗಳಿವೆ. ವಾಸನೆಯೆಲ್ಲ ಅವುಗಳಲ್ಲೇ ಅಡಗಿರುವುದು. ಹಿಸುಕಿದಾಗ ಅವು ಒಡೆಯುತ್ತವೆ. ಆ ಎಣ್ಣೆಗೆ ನೀರಿನ ಸ್ನೇಹ ಕಡಿಮೆ, ಕೊಬ್ಬಿನ ಸ್ನೇಹ ಜಾಸ್ತಿ. ಕ್ರೀಮಿನಲ್ಲಿ ಕೊಬ್ಬು ಇರುವುದರಿಂದ ಪರಿಮಳ ಅಲ್ಲೇ ನೆಲೆ ನಿಲ್ಲುತ್ತದೆ. ಬರೀ ನೀರಿನಲ್ಲಿ ಕುದಿಸಿದ್ದರೆ ಅದರಲ್ಲಿ ಬಹುಪಾಲು ಅಡುಗೆಮನೆಯ ಗಾಳಿಗೆ ಹೋಗುತ್ತಿತ್ತು.

ಈಗ ಎಲೆ ಸೋಸಿ ತೆಗೆದು, ಕ್ರೀಮನ್ನು ಮತ್ತೆ ಬಿಸಿ ಮಾಡಿ ಚಾಕೊಲೇಟಿನ ಮೇಲೆ ಸುರಿಯಿರಿ. ಎರಡು ಮೂರು ನಿಮಿಷ ಕೈ ಹಾಕಬೇಡಿ. ಆಮೇಲೆ ಪಾತ್ರೆಯ ನಡುವಿನಿಂದ ಶುರುಮಾಡಿ ನಿಧಾನವಾಗಿ ಕಲಕುತ್ತಾ ಹೊರಗೆ ಬನ್ನಿ. ಮೊದಲು ಒಡೆದ ಮಜ್ಜಿಗೆಯಂತೆ ಕಂಡು ಹೆದರಿಸುತ್ತದೆ. ಕಲಕುತ್ತಾ ಹೋದಂತೆ ಇದ್ದಕ್ಕಿದ್ದ ಹಾಗೆ ಹೊಳೆಯುವ ಕಪ್ಪು ರೇಷ್ಮೆ! ಒಂದು ಚಿಟಿಕೆ ಉಪ್ಪು ಹಾಕಿ.

ಇಲ್ಲೊಂದು ಒಗಟಿದೆ. ಚಾಕೊಲೇಟನ್ನು ಒಂಟಿಯಾಗಿ ಕರಗಿಸುವಾಗ ಒಂದೇ ಒಂದು ಹನಿ ನೀರು ಬಿದ್ದರೂ ಅದು ಗಂಟುಗಂಟಾಗಿ ಬಿಗಿದುಕೊಳ್ಳುತ್ತದೆ. ಆದರೆ ಕ್ರೀಮಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇದೆ, ಆದರೂ ಏನೂ ಆಗಲಿಲ್ಲ. ಒಂದು ಹನಿ ಕೆಡಿಸುತ್ತದೆ, ಒಂದು ಬಟ್ಟಲು ಕೆಡಿಸುವುದಿಲ್ಲ! ಒಂದು ಚಮಚ ಕರಗಿದ ಚಾಕೊಲೇಟ್ ಬೇರೆ ಇಟ್ಟುಕೊಂಡು ನೀವೇ ಮಾಡಿ ನೋಡಬಹುದು.

ಚಾಕೊಲೇಟಿನೊಳಗೆ ನುಣ್ಣಗೆ ಅರೆದ ಸಕ್ಕರೆಯ ಪುಡಿ ಇದೆ. ಅದು ಕೊಬ್ಬಿನ ನಡುವೆ ಒಣಒಣ ಕುಳಿತಿರುತ್ತದೆ. ಒಂದು ಹನಿ ನೀರು ಬಿದ್ದಾಗ ಸಕ್ಕರೆಯ ಕಣಗಳ ಮೈ ಮಾತ್ರ ಒದ್ದೆಯಾಗಿ ಅಂಟಂಟಾಗುತ್ತದೆ, ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ನೀರು ಧಾರಾಳವಾಗಿದ್ದರೆ ಸಕ್ಕರೆ ಪೂರ್ತಿ ಕರಗಿಹೋಗುತ್ತದೆ. ಅಂಟಿಕೊಳ್ಳಲು ಕಣಗಳೇ ಉಳಿಯುವುದಿಲ್ಲ. ಕೊಬ್ಬು ಪುಟ್ಟಪುಟ್ಟ ಹನಿಗಳಾಗಿ ಆ ನೀರಿನಲ್ಲೆಲ್ಲ ಹರಡಿಕೊಳ್ಳುತ್ತದೆ. ಗಂಟಾದ ಆ ಒಂದು ಚಮಚಕ್ಕೆ ಬಿಸಿನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ, ಅದೂ ಸಡಿಲವಾಗುತ್ತದೆ.

ಈಗ ಸುಳ್ಳು ತಂಪಿನ ಸರದಿ. ಪುದೀನದ ವಾಸನೆಯೇನೋ ಬಂತು, ಆದರೆ ಬಾಯಿ ಜುಮ್ಮೆನ್ನುವ ತಂಪು ಬರಲಿಲ್ಲ. ಸಂತೆಯಲ್ಲಿ ಸಿಗುವ ಪುದೀನ ಹೆಚ್ಚಾಗಿ ಸ್ಪಿಯರ್‌ಮಿಂಟ್ ಎಂಬ ಜಾತಿಯದು. ಅದರ ಪರಿಮಳ ಕಾರ್ವೋನ್ ಎಂಬ ವಸ್ತುವಿನದು. ತಂಪು ಕೊಡುವ ಮೆಂಥಾಲ್ ಅದರಲ್ಲಿ ತೀರಾ ಕಡಿಮೆ. ಮೆಂಥಾಲ್ ಜಾಸ್ತಿ ಇರುವುದು ಪೆಪ್ಪರ್‌ಮಿಂಟ್ ಜಾತಿಯಲ್ಲಿ. ಉತ್ತರ ಪ್ರದೇಶದ ಬಾರಾಬಂಕಿ ಕಡೆ ಮೆಂಥಾಲಿಗೆಂದೇ ಇನ್ನೊಂದು ಜಾತಿಯ ಪುದೀನವನ್ನು ಹೊಲಗಟ್ಟಲೆ ಬೆಳೆಯುತ್ತಾರೆ. ಗಿಡದಿಂದ ತೆಗೆಯುವ ಮೆಂಥಾಲಿನಲ್ಲಿ ಜಗತ್ತಿಗೇ ನಮ್ಮ ದೇಶ ಮೊದಲು.

ಹಾಗಾಗಿ ನಮ್ಮ ಸಿಹಿಗೆ ಮೂರೇ ಮೂರು ಹನಿ ಪೆಪ್ಪರ್‌ಮಿಂಟ್ ಎಣ್ಣೆ ಬೇಕು. ತಿನ್ನಲು ಯೋಗ್ಯ ಎಂದು ಬರೆದಿರುವ ಎಣ್ಣೆಯೇ ಆಗಬೇಕು, ತಲೆನೋವಿಗೆ ಹಚ್ಚುವುದಲ್ಲ. ಹನಿ ಹಾಕುವ ಕೆಲಸ ದೊಡ್ಡವರಿಗೆ ಬಿಡಿ. ಆ ಎಣ್ಣೆ ಕಣ್ಣಿಗೆ ತಗುಲಿದರೆ ಬಹಳ ಉರಿಯುತ್ತದೆ. ಮೂರರ ಬದಲು ಹತ್ತು ಹನಿ ಬಿದ್ದರೆ ಸಿಹಿ ಟೂತ್‌ಪೇಸ್ಟ್ ಆಗುತ್ತದೆ.

ಬಟ್ಟಲುಗಳಿಗೆ ಹಾಕಿ ಫ್ರಿಜ್ಜಿನಲ್ಲಿ ಎರಡು ಗಂಟೆ ಇಡಿ. ಅದು ಗಟ್ಟಿಯಾಗುವಷ್ಟರಲ್ಲಿ ಒಂದು ಪರೀಕ್ಷೆ ಮಾಡೋಣ. ಒಂದೇ ಕೊಡದಿಂದ ಎರಡು ಲೋಟ ನೀರು ತೆಗೆಯಿರಿ. ಒಂದಕ್ಕೆ ಪೆಪ್ಪರ್‌ಮಿಂಟ್ ಮಿಠಾಯಿಯನ್ನು ಪುಡಿಮಾಡಿ ಹಾಕಿ, ಪೂರ್ತಿ ಕರಗಿದ ಮೇಲೆ ಸ್ವಲ್ಪ ಹೊತ್ತು ಬಿಡಿ. ಶಾಲೆಯ ಪ್ರಯೋಗಾಲಯದ ಥರ್ಮಾಮೀಟರ್ ಸಿಕ್ಕರೆ ಎರಡರಲ್ಲೂ ಅದ್ದಿ ನೋಡಿ. ಎರಡೂ ಒಂದೇ! ಈಗ ಒಂದೊಂದು ಗುಟುಕು ಬಾಯಲ್ಲಿ ಹಿಡಿದು ನೋಡಿ. ಒಂದು ಮಾತ್ರ ತಂಪು. ಥರ್ಮಾಮೀಟರ್ ಸುಳ್ಳು ಹೇಳುವುದಿಲ್ಲ. ಹಾಗಾದರೆ ಸುಳ್ಳು ಹೇಳುತ್ತಿರುವುದು ಯಾರು?

ನಿಮ್ಮ ಮನೆಯ ಕಾಲಿಂಗ್ ಬೆಲ್ ನೆನಪಿಸಿಕೊಳ್ಳಿ. ನೆಂಟರು ಒತ್ತಿದರೂ ಟ್ರಿಣ್, ಪಕ್ಕದ ಮನೆಯ ತುಂಟ ಒತ್ತಿ ಓಡಿಹೋದರೂ ಟ್ರಿಣ್. ಒಳಗಿರುವ ಅಮ್ಮನಿಗೆ ಕೇಳಿಸುವುದು ಸದ್ದು ಮಾತ್ರ, ಒತ್ತಿದ್ದು ಯಾರೆಂದು ಕಾಣುವುದಿಲ್ಲ. ನಮ್ಮ ನಾಲಿಗೆಯ, ಚರ್ಮದ ನರಗಳ ತುದಿಯಲ್ಲೂ ಇಂಥ ಬೆಲ್ಲುಗಳಿವೆ. ಚಳಿಗೊಂದು, ಬಿಸಿಗೊಂದು. ಮಿದುಳು ಒಳಗೆ ಕತ್ತಲಲ್ಲಿ ಕುಳಿತಿದೆ. ಚಳಿಯ ಬೆಲ್ ಹೊಡೆದುಕೊಂಡರೆ ಅದು "ಓಹೋ, ತಣ್ಣಗಿನದು ಬಂತು" ಎಂದುಕೊಳ್ಳುತ್ತದೆ. ಮೆಂಥಾಲ್ ಆ ತುಂಟ ಹುಡುಗ.

ಈ ಚಳಿಯ ಬೆಲ್ಲನ್ನು ಕಂಡುಹಿಡಿದದ್ದು 2002ರಲ್ಲಿ, ಅಮೆರಿಕದ ಎರಡು ಬೇರೆ ಬೇರೆ ಪ್ರಯೋಗಾಲಯಗಳು. ಡೇವಿಡ್ ಜೂಲಿಯಸ್ ಒಂದು ಕಡೆ, ಆರ್ಡೆಮ್ ಪಟಪೂಟಿಯನ್ ಇನ್ನೊಂದು ಕಡೆ. ಹುಡುಕಲು ಇಬ್ಬರೂ ಬಳಸಿದ್ದು ಏನು ಗೊತ್ತೇ? ಮೆಂಥಾಲ್! ಆ ಬೆಲ್ಲಿಗೆ ಟಿಆರ್‌ಪಿಎಂ8 ಎಂಬ ಹೆಸರಿದೆ. ಜೂಲಿಯಸ್ ಅದಕ್ಕೂ ಮೊದಲು, 1997ರಲ್ಲಿ, ಮೆಣಸಿನಕಾಯಿಯ ಖಾರವನ್ನು ಬಳಸಿ ಬಿಸಿಯ ಬೆಲ್ಲನ್ನು ಕಂಡುಹಿಡಿದಿದ್ದರು. ಖಾರ ತಿಂದಾಗ ಬಾಯಿ ಸುಟ್ಟಂತೆ ಆಗುವುದೂ ಇದೇ ತುಂಟತನದಿಂದ. ಬಿಸಿ ಮತ್ತು ಸ್ಪರ್ಶ ನಮಗೆ ಹೇಗೆ ತಿಳಿಯುತ್ತದೆ ಎಂಬುದನ್ನು ಬಿಡಿಸಿ ತೋರಿಸಿದ್ದಕ್ಕೆ ಈ ಇಬ್ಬರಿಗೂ 2021ರಲ್ಲಿ ನೊಬೆಲ್ ಬಹುಮಾನ ಬಂತು.

ಇನ್ನೂ ಒಂದು ಮಜಾ ಇದೆ. ಚಳಿಯ ಬೆಲ್ ಸಾಮಾನ್ಯವಾಗಿ 26 ಡಿಗ್ರಿಯ ಆಸುಪಾಸಿನಿಂದ ಕೆಳಗೆ ಹೋದಾಗ ಹೊಡೆದುಕೊಳ್ಳುತ್ತದೆ. ಮೆಂಥಾಲ್ ತಗುಲಿದ ಮೇಲೆ ಅದು ಬಹಳ ಸೂಕ್ಷ್ಮವಾಗಿಬಿಡುತ್ತದೆ. ಅಷ್ಟೇನೂ ತಣ್ಣಗಿಲ್ಲದ ನೀರಿಗೂ ಜೋರಾಗಿ ಹೊಡೆದುಕೊಳ್ಳುತ್ತದೆ. ಪೆಪ್ಪರ್‌ಮಿಂಟ್ ತಿಂದ ಮೇಲೆ ಕೊಡದ ನೀರು ಐಸಿನಂತೆ ಕೊರೆಯುವುದು ಅದಕ್ಕೇ.

ನೆಂಟರಿಗೆ ಕೊಡುವ ಅರ್ಧ ಗಂಟೆ ಮುಂಚೆ ಬಟ್ಟಲುಗಳನ್ನು ಫ್ರಿಜ್ಜಿನಿಂದ ಹೊರಗಿಡಿ. ಸಿಹಿ ಮೆತ್ತಗಾಗುತ್ತದೆ, ಫ್ರಿಜ್ಜಿನ ತಂಪೂ ಇಳಿಯುತ್ತದೆ. ಆಮೇಲೆ ಬಾಯಲ್ಲಿ ಉಳಿಯುವುದು ನಮ್ಮ ಎರಡೇ ತಂಪು. ಕರಗುವ ಕೊಕ್ಕೊ ಬೆಣ್ಣೆ ಕೊಡುವ ಸಣ್ಣ ನಿಜ, ಮೆಂಥಾಲ್ ಹೇಳುವ ದೊಡ್ಡ ಸುಳ್ಳು. "ಅತ್ತೆ, ಇದು ಫ್ರಿಜ್ಜಿನ ತಂಪಾ?" ಅಂತ ಕೇಳಿ. ಹೌದು ಎಂದವರಿಗೆ ಕಾಲಿಂಗ್ ಬೆಲ್ಲಿನ ಕತೆ ಹೇಳಿ.

ಎರಡು ಎಚ್ಚರಿಕೆ ಮಾತ್ರ ಮರೆಯಬೇಡಿ. ಎಳೆ ಕೂಸುಗಳಿಗೆ ಮೆಂಥಾಲ್ ಒಳ್ಳೆಯದಲ್ಲ, ಅವರ ಬಾಯಿಗೆ ಇದನ್ನು ಹಚ್ಚಬೇಡಿ. ಪಾತ್ರೆಯ ತಳದಲ್ಲಿ ಉಳಿದದ್ದನ್ನು ನೀವು ನೆಕ್ಕಿ, ನಾಯಿಗೆ ಕೊಡಬೇಡಿ. ಕೊಕ್ಕೊದಲ್ಲಿ ಥಿಯೋಬ್ರೋಮಿನ್ ಎಂಬ ವಸ್ತು ಇದೆ. ನಮ್ಮ ಮೈ ಅದನ್ನು ಬೇಗ ಅರಗಿಸಿಕೊಳ್ಳುತ್ತದೆ. ನಾಯಿಯ ಮೈಗೆ ಅದು ಬೇಗ ಆಗುವುದಿಲ್ಲ, ಒಳಗೇ ಉಳಿದು ವಿಷವಾಗುತ್ತದೆ.