ಎಲ್ಲರ ಮಕ್ಕಳೂ ತನ್ನವರೆಂದ ತಂದೆ

(ಸೇನಾ ದಿನದಂದು ಡೊಂಬಿವಲಿಯಲ್ಲಿ ಕೂಡಿದ್ದ ನಮ್ಮ ಸಭೆಯಲ್ಲಿ ಮಾಡಿದ ಭಾಷಣ)



ಠಾಣೆ, ಕಲ್ಯಾಣ, ನವಿ ಮುಂಬಯಿಗಳಿಂದ ಗಾಡಿ ಹಿಡಿದು, ಒಂದು ಪಾಳಿಯ ಸಂಬಳವನ್ನೂ ಬಿಟ್ಟು ಬಂದವರು ಇಲ್ಲಿ ಕುಳಿತಿದ್ದೀರಿ. ಆದುದರಿಂದ ಉದ್ದನೆಯ ಪೀಠಿಕೆ ಹಾಕಿ ನಿಮ್ಮ ವೇಳೆ ಕಳೆಯುವುದಿಲ್ಲ.

ಇಂದು ಜನವರಿ 15. 1949ರ ಇದೇ ದಿನ ಕೊಡಗಿನ ಕೊಡಂದೇರ ಮಾದಪ್ಪ ಕಾರ್ಯಪ್ಪನವರು ಆಂಗ್ಲ ಸೇನಾನಿ ಬುಚರ್ ಅವರಿಂದ ಭಾರತದ ಸೇನೆಯ ಮಹಾದಂಡನಾಯಕ ಪದವಿಯನ್ನು ವಹಿಸಿಕೊಂಡರು. ಆ ಪದವಿಗೇರಿದ ಮೊದಲನೆಯ ಭಾರತೀಯರು ಅವರೇ. ಅದರ ನೆನಪಿಗಾಗಿಯೇ ಈ ದಿನ ಸೇನಾ ದಿನವೆನಿಸಿತು.

ಅವರು ಹುಟ್ಟಿದುದು 1899ರ ಜನವರಿ 28ರಂದು, ಶನಿವಾರಸಂತೆಯಲ್ಲಿ. ತಂದೆ ಕಂದಾಯ ಇಲಾಖೆಯ ನೌಕರರು. 1919ರಲ್ಲಿ ಇಂದೂರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಮುಗಿಸಿ ಹೊರಬಂದ ತರುಣನಿಗೆ ಮೊದಲು ದೊರೆತುದು ಕರ್ನಾಟಿಕ್ ಪಲ್ಟಣ; ಮೊದಲು ಕೆಲಸಕ್ಕೆ ಸೇರಿದ ಊರು ಇದೇ ಮುಂಬಯಿ. ನಮ್ಮಂತೆಯೇ ಅವರೂ ಊರು ಬಿಟ್ಟು, ಮೊದಲ ಸಂಬಳಕ್ಕೆ ಈ ಕಡಲ ದಂಡೆಗೆ ಬಂದವರು ಎಂದು ಹೇಳಿಕೊಳ್ಳಲು ನಮಗೆ ಹೆಮ್ಮೆಯಾಗುತ್ತದೆ. ಮುಂದೆ ಇರಾಕ್, ಸಿರಿಯಾ, ಇರಾನ್, ಬರ್ಮಾಗಳಲ್ಲಿ ದುಡಿದರು. 1942ರಲ್ಲಿ ಒಂದು ಪಲ್ಟಣವನ್ನು ನಡೆಸುವ ಅಧಿಕಾರ ಪಡೆದರು. ಅದೂ ಭಾರತೀಯನೊಬ್ಬನಿಗೆ ಮೊದಲ ಸಲ.

ನಮ್ಮ ಪಕ್ಕದ ಉಲ್ಲಾಸನಗರವನ್ನು ನೀವೆಲ್ಲ ಬಲ್ಲಿರಿ. ಮಹಾಯುದ್ಧದ ಕಾಲದಲ್ಲಿ ಅದು ಸೈನಿಕರು ತಂಗುವ ಕಲ್ಯಾಣ ಕ್ಯಾಂಪು. ದೇಶ ಒಡೆದ ಮೇಲೆ ಸಿಂಧದಿಂದ ಮನೆಮಠ ಕಳೆದುಕೊಂಡು ಬಂದವರು ಆ ಬ್ಯಾರಕ್ಕುಗಳಲ್ಲಿ ತಲೆಯಿಟ್ಟರು. ಉಲ್ಲಾಸನಗರವೆಂಬ ಹೆಸರು ಬಂದುದು 1949ರಲ್ಲಿ. ದೇಶ ಒಡೆದಾಗ ಸೇನೆಯೂ ಒಡೆಯಿತು. ಒಂದೇ ಪಂಕ್ತಿಯಲ್ಲಿ ಉಂಡವರು ಎರಡು ಬಾವುಟಗಳ ಕೆಳಗೆ ನಿಂತರು. ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನರು ಆಚೆಗೆ ಹೋದರು. ಮುಂದೆ ಪಾಕಿಸ್ತಾನದ ಅಧ್ಯಕ್ಷರಾದರು.

ನಾವು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು ಸೇನಾಪತಿಯ ಮಾತಲ್ಲ, ತಂದೆಯ ಮಾತು. 1965ರ ಯುದ್ಧ. ಕಾರ್ಯಪ್ಪನವರು ನಿವೃತ್ತರಾಗಿ 12 ವರ್ಷ ಕಳೆದಿತ್ತು. ಮಡಿಕೇರಿಯ ತಮ್ಮ ರೋಷನಾರಾ ಮನೆಯಲ್ಲಿದ್ದರು. ಮಗ ನಂದಾ ಕಾರ್ಯಪ್ಪ ವಿಮಾನದಳದಲ್ಲಿದ್ದರು. ಸೆಪ್ಟೆಂಬರ್ 22ರಂದು ಅವರ ಹಂಟರ್ ವಿಮಾನ ಗುಂಡೇಟಿಗೆ ಸಿಕ್ಕಿ ಬಿದ್ದಿತು, ಅವರು ಸೆರೆಯಾದರು. ಮರುದಿನ ಬೆಳಗಿನ ಜಾವಕ್ಕೆ ಯುದ್ಧವೇ ನಿಂತಿತು. ಒಂದು ದಿನದ ಅಂತರ! ಹೆತ್ತವರ ಕರುಳು ಇಂಥದನ್ನು ಹೇಗೆ ತಾಳಬೇಕು?

ಸೆರೆಸಿಕ್ಕವನು ಯಾರ ಮಗನೆಂದು ಅಯೂಬರಿಗೆ ತಿಳಿಯಿತು. ಹಳೆಯ ಋಣವನ್ನು ಅವರು ಮರೆತಿರಲಿಲ್ಲ. ಹುಡುಗನನ್ನು ಚೆನ್ನಾಗಿ ನೋಡಿಕೊಳ್ಳುವೆವು, ಬೇಕಾದರೆ ಬಿಟ್ಟುಬಿಡುವೆವು ಎಂದು ಹೇಳಿಕಳುಹಿಸಿದರೆಂಬುದು ಪ್ರಸಿದ್ಧವಾದ ಸಂಗತಿ. ತಂದೆ ಒಪ್ಪಲಿಲ್ಲ. ಸೆರೆಯಲ್ಲಿರುವ ಸೈನಿಕರೆಲ್ಲರೂ ತಮಗೆ ಮಕ್ಕಳೇ, ಅವರಿಗೆ ಆದುದೇ ತಮ್ಮ ಮಗನಿಗೂ ಆಗಲಿ, ಬಿಡುವುದಾದರೆ ಎಲ್ಲರನ್ನೂ ಬಿಡಲಿ ಎಂಬುದು ಅವರ ಉತ್ತರದ ತಾತ್ಪರ್ಯ. ಮಗ ಸುಮಾರು ನಾಲ್ಕು ತಿಂಗಳು ಸೆರೆಯಲ್ಲಿದ್ದು, 1966ರ ಜನವರಿಯಲ್ಲಿ ಮರಳಿದರು. ಅನಂತರ ಏರ್ ಮಾರ್ಷಲ್ ಪದವಿಗೇರಿ, ತಂದೆಯ ಜೀವನಚರಿತ್ರೆಯನ್ನೂ ಬರೆದರು. ಕಲ್ಲುಮನಸ್ಸಿನ ತಂದೆಯ ಚರಿತ್ರೆಯನ್ನು ಯಾವ ಮಗನೂ ಅಷ್ಟು ಆದರದಿಂದ ಬರೆಯಲಾರ.

ಬಂಧುಗಳೇ, ನಾವು ಮನೆಗೆ ಕೊಂಡೊಯ್ಯಬೇಕಾದುದು ಇದನ್ನು. ನಾವೇನು ಮಾಡುತ್ತಿರುವೆವು? ನಮ್ಮ ಹೋಟೆಲುಗಳಲ್ಲಿ ಊರಿನವನ ಮಗನಿಗೆ ಗಲ್ಲೆ, ಗುರುತಿಲ್ಲದವನ ಮಗನಿಗೆ ಬಶಿ ತೊಳೆಯುವ ತೊಟ್ಟಿ. ಅಷ್ಟೇಕೆ, ಸಂಘದಲ್ಲಿ ಶಾಲೆಯ ಪುಸ್ತಕ ಹಂಚುವಾಗ ಕಮಿಟಿಯವರ ಮಕ್ಕಳ ಹೆಸರು ಮೊದಲು ಬಂದುದುಂಟು. ಆ ತಪ್ಪು ಬೇರೆಯವರದಲ್ಲ, ನಮ್ಮದೇ. ಸೆರೆಮನೆಯ ಬಾಗಿಲು ತೆರೆದು ಕೊಟ್ಟಾಗಲೂ ಬೇಡವೆಂದ ತಂದೆಯ ಮುಂದೆ, ನಾಲ್ಕು ನೋಟುಬುಕ್ಕುಗಳಿಗೆ ಕೈಚಾಚಿದ ನಾವು ಎಷ್ಟು ಸಣ್ಣವರು!

ಆದರೆ ನಮ್ಮವರಲ್ಲಿ ಆ ಗುಣ ಇರಲೇ ಇಲ್ಲವೆಂದಲ್ಲ. 1982ರ ಜನವರಿ 18ಕ್ಕೆ ಗಿರಣಿ ಮುಷ್ಕರ ಹೂಡಿದುದನ್ನು ಇಲ್ಲಿಯ ಅಜ್ಜಂದಿರು ಕಂಡಿರುವಿರಿ. ಸಂಬಳವಿಲ್ಲದ ಆ ತಿಂಗಳುಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿದುದು ಪಕ್ಕದ ಖೋಲಿಯವರ ಅಕ್ಕಿಯಿಂದ. ಯಾರ ಮಗು ಎಂದು ಕೇಳಿ ಅನ್ನ ಹಾಕಿದವರಿಲ್ಲ. ಗಿರಣಿಗಳು ಹೋದುವು, ಆ ಗುಣವೂ ಅವುಗಳೊಡನೆ ಹೋಗಬಾರದು.

ಕಾರ್ಯಪ್ಪನವರು ಬದುಕಿನಲ್ಲಿ ಗೆದ್ದುದೆಲ್ಲವೇ ಅಲ್ಲ. 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತು ಸೋತರು. ಆದರೂ ಮಾಜಿ ಸೈನಿಕರ ಹಿತಕ್ಕಾಗಿ ದುಡಿಯುವುದನ್ನು ಬಿಡಲಿಲ್ಲ. 1986ರಲ್ಲಿ ಫೀಲ್ಡ್ ಮಾರ್ಷಲ್ ಗೌರವ ಬಂದಾಗ ಅವರಿಗೆ 87 ವರ್ಷ. 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಕೊನೆಗೆ ಒಂದು ಬೇಡಿಕೆ. ಪಲ್ಟಣದಲ್ಲಿ ದುಡಿದು ಬಂದು, ಇಲ್ಲಿ ಯಾವುದೋ ಗೇಟಿನ ಪಹರೆಗೆ ನಿಂತು ಮಕ್ಕಳನ್ನು ಓದಿಸಿದ ಮುದುಕರು ನಮ್ಮ ಮನೆಗಳಲ್ಲೂ ಇರುವರು. ಅವರ ಪೆನ್ಶನ್ ಕಾಗದವನ್ನು ಹುಡುಕಿದಷ್ಟು ಶ್ರದ್ಧೆಯಿಂದ ಅವರ ಮಾತನ್ನು ನಾವು ಕೇಳಿಲ್ಲ. ಇಂದು ರಾತ್ರಿ ಊಟಕ್ಕೆ ಕುಳಿತಾಗ, "ಅಜ್ಜಾ, ನೀವು ಎಲ್ಲಿದ್ದಿರಿ, ಏನು ಕಂಡಿರಿ?" ಎಂದು ಮೊಮ್ಮಕ್ಕಳು ಕೇಳಲಿ. ಬರುವ ಜೂನಿನಲ್ಲಿ ಪುಸ್ತಕ ಹಂಚುವಾಗ ಕಮಿಟಿಯವರ ಮಕ್ಕಳ ಹೆಸರು ಪಟ್ಟಿಯ ಕೊನೆಯಲ್ಲಿರಲಿ. ನಾವು ಸಲ್ಲಿಸಬಹುದಾದ ಶ್ರದ್ಧಾಂಜಲಿ ಇಷ್ಟೇ.

ಜೈ ಹಿಂದ್. ಜೈ ಕರ್ನಾಟಕ.