ತೊಗರಿಯ ಹೊಲದಲ್ಲಿ ಜೀವವಿಕಾಸ
(ಲಿಂಗಂಪಲ್ಲಿಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಮಾರಂಭದಲ್ಲಿ ಜೀವವಿಕಾಸದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸೀತು. ಹಂಪೆ ಬೇಲೂರುಗಳ ವೈಭವವನ್ನು ನಮಗಿಂತ ಚೆನ್ನಾಗಿ ಬಣ್ಣಿಸುವವರು ಈ ಸಭೆಯಲ್ಲಿಯೇ ಇದ್ದಾರೆ. ಆ ಕೆಲಸವನ್ನು ಅವರಿಗೇ ಬಿಟ್ಟು ನಾವು ತೊಗರಿಬೇಳೆಯ ವಿಷಯವನ್ನು ಎತ್ತಿಕೊಂಡಿದ್ದೇವೆ. ಡಾರ್ವಿನ್ ಮಹಾಶಯನು 1859ರಲ್ಲಿ ತನ್ನ ಗ್ರಂಥದ ಮೂಲಕ ಲೋಕದ ಮುಂದಿಟ್ಟ ನಿಸರ್ಗದ ಆಯ್ಕೆ ಎಂಬ ತತ್ತ್ವವು ದೂರದ ದ್ವೀಪಗಳ ಹಕ್ಕಿಗಳಿಗೆ ಮಾತ್ರ ಸೇರಿದ್ದಲ್ಲ. ಅದು ವರ್ಷವರ್ಷವೂ ನಮ್ಮ ತೊಗರಿ ಹೊಲಗಳಲ್ಲಿ ನಡೆಯುತ್ತಿದೆ. ಅದರ ಲಾಭನಷ್ಟಗಳು ಊರಿನಲ್ಲಿರುವ ನಮ್ಮ ಅಣ್ಣತಮ್ಮಂದಿರ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತವೆ.

ಈ ಮಾತನ್ನು ಆಡುವುದಕ್ಕೆ ಲಿಂಗಂಪಲ್ಲಿಗಿಂತ ತಕ್ಕ ಜಾಗ ಸಿಗುವುದೂ ಕಷ್ಟ. ಇಲ್ಲಿ ರೈಲು ಹತ್ತಿದರೆ ವಿಕಾರಾಬಾದು, ತಾಂಡೂರು, ವಾಡಿಗಳನ್ನು ದಾಟಿ ತೊಗರಿಯ ಕಣಜವೆನಿಸಿದ ಕಲಬುರಗಿಯನ್ನು ಸೇರುತ್ತೇವೆ. 1956ರ ನವೆಂಬರ್ 1ರವರೆಗೆ ಆ ನೆಲವೂ ಈ ನೆಲವೂ ಒಂದೇ ಹೈದರಾಬಾದು ರಾಜ್ಯಕ್ಕೆ ಸೇರಿದ್ದವು. ಗಡಿ ಬದಲಾದರೂ ಎರಡು ಕಡೆಯ ಎರೆಮಣ್ಣು ಬದಲಾಗಲಿಲ್ಲ. ಇನ್ನು ಮುಂಬಯಿಯ ಹೆದ್ದಾರಿಯನ್ನು ಹಿಡಿದರೆ ಸ್ವಲ್ಪ ದೂರದಲ್ಲೇ ಪಟಾನ್‌ಚೆರು. ಅಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆ ಜೋಳ, ಸಜ್ಜೆ, ಕಡಲೆ, ಶೇಂಗಾಗಳ ಜತೆಗೆ ತೊಗರಿಯ ಮೇಲೂ ಸಂಶೋಧನೆ ನಡೆಸುತ್ತ ಬಂದಿದೆ. ಬೆಳೆ ಅಲ್ಲಿ, ಅದರ ವಿದ್ಯೆ ಇಲ್ಲಿ, ನಡುವೆ ನಾವು.

ಮೊದಲು ಹುಳುವಿನ ಕತೆ ಹೇಳುತ್ತೇವೆ. ತೊಗರಿ ಹೂಬಿಡುವ ಕಾಲಕ್ಕೆ ಒಂದು ಮಾಸಲು ಬಣ್ಣದ ಪತಂಗ ರಾತ್ರಿಯ ಹೊತ್ತು ಹೊಲಕ್ಕೆ ಬಂದು ಮೊಗ್ಗು, ಹೂ, ಎಳೆಗಾಯಿಗಳ ಮೇಲೆ ಮೊಟ್ಟೆಯಿಡುತ್ತದೆ. ಒಂದು ಹೆಣ್ಣು ಪತಂಗ ನೂರಾರು ಮೊಟ್ಟೆಗಳನ್ನು, ಕೆಲವೊಮ್ಮೆ ಸಾವಿರಕ್ಕೂ ಮಿಕ್ಕಿ, ಇಡಬಲ್ಲುದು. ಮೊಟ್ಟೆಯೊಡೆದು ಬಂದ ಹುಳು ಬೆಳೆದಂತೆ ಕಾಯಿಗೆ ತೂತು ಕೊರೆದು, ತಲೆಯನ್ನು ಒಳಗಿಟ್ಟು ಮೈಯನ್ನು ಹೊರಗೆ ಬಿಟ್ಟು, ಒಳಗಿನ ಕಾಳನ್ನು ತಿಂದು ಮುಗಿಸುತ್ತದೆ. ಶಾಸ್ತ್ರದಲ್ಲಿ ಇದರ ಹೆಸರು ಹೆಲಿಕೋವರ್ಪ. ನಮ್ಮವರು ಕಾಯಿಕೊರಕ ಎನ್ನುತ್ತಾರೆ, ಉತ್ತರದ ಸೀಮೆಯಲ್ಲಿ ಬರಿದೇ ಕೀಡಿ ಎಂದರೂ ತಿಳಿಯುತ್ತದೆ. ತೊಗರಿಯೊಂದನ್ನೇ ನಂಬಿದ ಹುಳುವೂ ಇದಲ್ಲ. ಹತ್ತಿಯಾದರೆ ಹತ್ತಿ, ಕಡಲೆಯಾದರೆ ಕಡಲೆ.

1980ರ ನಂತರದ ವರ್ಷಗಳಲ್ಲಿ ಪೈರಿಥ್ರಾಯಿಡ್ ಎಂಬ ಹೊಸ ಗುಂಪಿನ ಕೀಟನಾಶಕಗಳು ನಮ್ಮ ಹೊಲಗಳಿಗೆ ಬಂದವು. ಸೇವಂತಿಗೆಯ ಬಳಗದ ಒಂದು ಹೂವಿನಲ್ಲಿ ಸಹಜವಾಗಿ ಇರುವ ವಿಷವನ್ನು ಮಾದರಿಯಾಗಿಟ್ಟುಕೊಂಡು ಕಾರ್ಖಾನೆಯಲ್ಲಿ ತಯಾರಿಸಿದ ಮದ್ದುಗಳಿವು. ಮೊದಮೊದಲು ಇವುಗಳ ಪ್ರಭಾವ ಅದ್ಭುತವಾಗಿತ್ತು. ಸಿಂಪಡಿಸಿದ ಮರುದಿನ ಹುಳುಗಳು ಉದುರಿ ಬಿದ್ದಿರುತ್ತಿದ್ದವು. ರೈತರು ಸಂತೋಷದಿಂದ ಮತ್ತೆ ಮತ್ತೆ ಸಿಂಪಡಿಸಿದರು. 1987–88ರ ಹಂಗಾಮಿಗೆ ಆಂಧ್ರದ ಕರಾವಳಿ ಜಿಲ್ಲೆಗಳ ಹತ್ತಿಯ ಹೊಲಗಳಲ್ಲಿ ಅದೇ ಮದ್ದು ಅದೇ ಹುಳುವಿನ ಮೇಲೆ ನಿಷ್ಫಲವಾಯಿತು. ಎಷ್ಟು ಸಲ ಹೊಡೆದರೂ ಹುಳು ಸಾಯದು; ಹೊಡೆದ ಮದ್ದಿನ ಸಾಲ ಮಾತ್ರ ಉಳಿಯಿತು. ಆ ಹುಳುಗಳನ್ನು ಪ್ರಯೋಗಶಾಲೆಗೆ ಒಯ್ದು ಪರೀಕ್ಷಿಸಿದಾಗ ಅವು ಆ ವಿಷವನ್ನು ತಾಳಿಕೊಳ್ಳುವ ಶಕ್ತಿಯನ್ನು ಪಡೆದಿದ್ದುವೆಂಬುದು ಸಿದ್ಧವಾಗಿ, 1989ರಲ್ಲಿ ಪ್ರಕಟವೂ ಆಯಿತು. ಹತ್ತು ವರ್ಷಗಳ ತರುವಾಯ, 1997–98ರಲ್ಲಿ, ಬೀದರ ಕಲಬುರಗಿಗಳ ತೊಗರಿಯ ಮೇಲೆ ಅಕಾಲದ ಮಳೆಯೂ ಈ ಹುಳುವೂ ಕೂಡಿ ಎರಗಿದವು. ಸಾಲದಲ್ಲಿ ಮುಳುಗಿದ ರೈತರು ಪ್ರಾಣ ಕಳೆದುಕೊಂಡ ಸುದ್ದಿಯನ್ನು ನಮ್ಮಲ್ಲಿ ಹಿರಿಯರಾದವರು ಮರೆತಿರಲಾರರು. ವಿಕಾಸವಾದವೆಂದರೆ ಪಂಡಿತರ ಕಾಲಕ್ಷೇಪವೆಂದು ತಿಳಿದವರಿಗಾಗಿ ಈ ಮಾತನ್ನು ಹೇಳಿದೆವು.

ಹುಳುವಿಗೆ ಈ ಶಕ್ತಿ ಎಲ್ಲಿಂದ ಬಂತು? ಕೇಳಿದರೆ ಎಲ್ಲರೂ ಹೇಳುವುದು ಒಂದೇ: "ಮದ್ದು ಅದಕ್ಕೆ ಒಗ್ಗಿಹೋಗಿದೆ." ಕಹಿ ಕಷಾಯ ಕುಡಿದು ಕುಡಿದು ನಾವು ಒಗ್ಗಿಸಿಕೊಂಡಂತೆ ಹುಳುವೂ ವಿಷ ಕುಡಿದು ಒಗ್ಗಿಸಿಕೊಂಡಿತೆಂದು ಇದರ ಅರ್ಥ. ಮಾತು ಕೇಳುವುದಕ್ಕೆ ಸರಿಯಾಗಿದೆ, ಆದರೆ ನಡೆದದ್ದು ಹಾಗಲ್ಲ. ವಿಷ ತಗಲಿದ ಹುಳು ಏನನ್ನೂ ಕಲಿಯುವುದಿಲ್ಲ. ಒಂದೋ ಸಾಯುತ್ತದೆ, ಇಲ್ಲವೇ ಹುಟ್ಟಿನಿಂದಲೇ ಬಂದ ಗುಣದ ಬಲದಿಂದ ಬದುಕುತ್ತದೆ.

ಲೆಕ್ಕಕ್ಕೆಂದು ಒಂದು ಹೊಲದಲ್ಲಿ ಹತ್ತು ಸಾವಿರ ಹುಳುಗಳಿವೆ ಎಂದುಕೊಳ್ಳೋಣ. ನಮ್ಮ ಕಣ್ಣಿಗೆ ಎಲ್ಲವೂ ಒಂದೇ ರೂಪ. ಆದರೆ ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಎತ್ತರ, ಒಬ್ಬ ಗಿಡ್ಡ ಇರುವಂತೆ ಆ ಹುಳುಗಳ ಒಳಗಿನ ರಸಾಯನದಲ್ಲೂ ಅಲ್ಪಸ್ವಲ್ಪ ಭೇದಗಳಿವೆ. ಹತ್ತು ಹುಳುಗಳು ವಿಷವನ್ನು ಬೇಗನೆ ಒಡೆದುಹಾಕುವ ಕಿಣ್ವವನ್ನು ಉಳಿದವಕ್ಕಿಂತ ಹೆಚ್ಚಾಗಿ ಪಡೆದು ಹುಟ್ಟಿವೆ ಎನ್ನಿ. ಮದ್ದಿಲ್ಲದ ಕಾಲದಲ್ಲಿ ಆ ಗುಣದಿಂದ ಅವಕ್ಕೆ ಏನೂ ಲಾಭವಿರಲಿಲ್ಲ. ಮದ್ದು ಬಿದ್ದ ದಿನ ಮಿಕ್ಕವೆಲ್ಲ ಸತ್ತು ಆ ಹತ್ತು ಉಳಿದವು. ಅವುಗಳ ಸಂತಾನಕ್ಕೆ ಆ ಗುಣ ಬಳುವಳಿಯಾಗಿ ಬಂತು. ತಿನ್ನುವುದಕ್ಕೆ ಹೊಲವೆಲ್ಲ ತೆರವಾಗಿತ್ತು. ಹುಳುವನ್ನು ಹಿಡಿಯುವ ಕಣಜದ ಹುಳು, ಜೇಡಗಳನ್ನೂ ಮದ್ದು ಕೊಂದುಹಾಕಿತ್ತು. ಮುಂದಿನ ತಲೆಮಾರಿನಲ್ಲಿ ಗಟ್ಟಿಗರ ಪಾಲು ಹೆಚ್ಚಿತು, ಅದರ ಮುಂದಿನದರಲ್ಲಿ ಇನ್ನೂ ಹೆಚ್ಚಿತು. ಒಂದು ಹುಳುವೂ ಬದಲಾಗಲಿಲ್ಲ; ಹುಳುಗಳ ಸಮುದಾಯ ಬದಲಾಯಿತು. ನಿಸರ್ಗದ ಆಯ್ಕೆ ಎಂದರೆ ಇಷ್ಟೆ. ಆರಿಸುವವರು ಯಾರೂ ಅಲ್ಲಿ ಕುಳಿತಿಲ್ಲ. ಭೇದವಿರಬೇಕು, ಆ ಭೇದ ಮಕ್ಕಳಿಗೆ ಬರಬೇಕು, ಹುಟ್ಟಿದವೆಲ್ಲ ಬದುಕಲಾರದ ಇಕ್ಕಟ್ಟಿರಬೇಕು. ಮಿಕ್ಕದ್ದನ್ನು ಕಾಲ ಮಾಡುತ್ತದೆ. ಗುಣಗಳು ಮಕ್ಕಳಿಗೆ ಹೇಗೆ ಬರುತ್ತವೆಂಬುದು ಪಾಪ ಡಾರ್ವಿನ್ನನಿಗೆ ತಿಳಿದಿರಲಿಲ್ಲ. ಅದನ್ನು ಮೆಂಡೆಲ್ ಎಂಬ ಪಾದ್ರಿ ಬಟಾಣಿಯ ಗಿಡಗಳಲ್ಲಿ ಕಂಡುಹಿಡಿದು 1866ರಲ್ಲಿ ಪ್ರಕಟಿಸಿದ್ದ. ಬಟಾಣಿಯೂ ತೊಗರಿಯ ಬಳಗದ್ದೇ.

ಇಲ್ಲಿ ಒಂದು ಮಾತು. ನಮ್ಮಂಥ ವಲಸೆ ಬಂದವರ ಸಭೆಗಳಲ್ಲಿ "ನಾವೂ ಪರಿಸರಕ್ಕೆ ಹೊಂದಿಕೊಂಡವರು, ಇದೂ ವಿಕಾಸವೇ" ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಸೊಗಸಾದ ಮಾತು, ಆದರೆ ಶಾಸ್ತ್ರಕ್ಕೆ ಒಪ್ಪದು. ನಾವು ಇಲ್ಲಿಗೆ ಬಂದು ಸಂತೆಯ ತೆಲುಗನ್ನು ಕಲಿತೆವು, ದಖನಿ ಉರ್ದುವನ್ನು ಕಲಿತೆವು, ಅದು ಕಲಿಕೆ. ನಮ್ಮ ತೆಲುಗು ನಮ್ಮ ಮಕ್ಕಳಿಗೆ ರಕ್ತದಲ್ಲಿ ಹೋಗಲಿಲ್ಲ, ಅವರು ಬೀದಿಯಲ್ಲಿ ತಾವಾಗಿ ಕಲಿತರು. ಕನ್ನಡವೂ ಅಷ್ಟೆ. ಅದನ್ನು ಒಂದೊಂದು ಮಗುವಿಗೂ ಅಡುಗೆಮನೆಯಲ್ಲಿ, ಊಟದ ಎಲೆಯ ಮುಂದೆ ಹೊಸದಾಗಿಯೇ ಕಲಿಸಬೇಕು. ಹುಳುವಿನ ಗುಣದಂತೆ ಅದು ಬಳುವಳಿಯಾಗಿ ಬರುವಂತಿದ್ದರೆ ನಮ್ಮ ಸಂಘದವರಿಗೆ ಇಷ್ಟು ಶ್ರಮವಿರುತ್ತಿರಲಿಲ್ಲ!

ಇನ್ನು ಗಿಡದ ಕಡೆಗೆ ಬರೋಣ. ತೊಗರಿಯ ದೊಡ್ಡ ವೈರಿಗಳಲ್ಲಿ ಇನ್ನೊಂದು ಸೊರಗು ರೋಗ. ಕಲಬುರಗಿಯವರು ನೆಟೆ ರೋಗ ಎನ್ನುತ್ತಾರೆ. ಮಣ್ಣಿನಲ್ಲಿರುವ ಒಂದು ಬೂಷ್ಟು ಬೇರಿನಿಂದ ಒಳಹೊಕ್ಕು ನೀರು ಏರುವ ದಾರಿಯನ್ನೇ ಕಟ್ಟಿಬಿಡುತ್ತದೆ. ಕಾಯಿ ತುಂಬುವ ಹೊತ್ತಿಗೆ, ನೆಲದಲ್ಲಿ ಹಸಿಯಿದ್ದರೂ, ಗಿಡ ನಿಂತಲ್ಲಿಯೇ ಒಣಗುತ್ತದೆ. ಗುಳ್ಯಾಳದಂಥ ದಪ್ಪ ಕಾಳಿನ ಹಳೆಯ ತಳಿ ರುಚಿಗೂ ಪೇಟೆಗೂ ಒಳ್ಳೆಯದೇ. ನೆಟೆಗೆ ಮಾತ್ರ ಸುಲಭವಾಗಿ ತುತ್ತಾಗುತ್ತದೆ. ಪಟಾನ್‌ಚೆರುವಿನ ವಿಜ್ಞಾನಿಗಳು ಬೇಕೆಂದೇ ರೋಗ ತುಂಬಿದ ಹೊಲವನ್ನು ಸಿದ್ಧಪಡಿಸಿ, ಊರೂರುಗಳಿಂದ ತಂದ ತೊಗರಿಗಳನ್ನು ಅದರಲ್ಲಿ ಬಿತ್ತಿದರು. ಸತ್ತದ್ದು ಸತ್ತಿತು, ಉಳಿದದ್ದನ್ನು ಆರಿಸಿದರು. ನಿಸರ್ಗ ಮಾಡುವ ಕೆಲಸವನ್ನೇ ಮನುಷ್ಯ ಬೇಲಿ ಕಟ್ಟಿ ಅವಸರದಿಂದ ಮಾಡಿದ ಹಾಗೆ. ಹೀಗೆ ಆರಿಸಿದ ಒಂದು ತಳಿ 'ಮಾರುತಿ' ಎಂಬ ಹೆಸರಿನಿಂದ 1986ರಲ್ಲಿ ಕರ್ನಾಟಕದ ರೈತರಿಗೆ ದೊರೆಯಿತು. ಕೆಲವೇ ವರ್ಷಗಳಲ್ಲಿ ಉತ್ತರ ಕರ್ನಾಟಕದ ತೊಗರಿ ಹೊಲಗಳಲ್ಲಿ ಅರ್ಧಕ್ಕೂ ಮಿಕ್ಕಿ ಅದೇ ಆವರಿಸಿತೆಂದರೆ ಅದರ ಉಪಕಾರ ಎಷ್ಟೆಂಬುದನ್ನು ಊಹಿಸಬಹುದು.

ಆದರೆ ಒಂದು ಗಂಡಾಂತರಕ್ಕೆ ಒಗ್ಗಿದ ಮೈ ಎಲ್ಲ ಗಂಡಾಂತರಗಳಿಗೂ ಒಗ್ಗಿರಬೇಕೆಂದಿಲ್ಲ. ನೆಟೆಯನ್ನು ಗೆದ್ದ ಮಾರುತಿ ಗೊಡ್ಡು ರೋಗಕ್ಕೆ ಸುಲಭದ ತುತ್ತು. ಕಣ್ಣಿಗೆ ಕಾಣದ ಒಂದು ನುಸಿ ಹರಡುವ ಈ ರೋಗ ತಗಲಿದ ಗಿಡ ಸೊಪ್ಪಿನಿಂದ ತುಂಬಿ ನಿಂತಿರುತ್ತದೆ, ಹೂ ಬಿಡುವುದಿಲ್ಲ. ಈ ರೋಗದ ಪರೀಕ್ಷೆ ನಡೆಸುವ ಹೊಲಗಳಲ್ಲಿ ರೋಗ ಹತ್ತಿಸುವುದಕ್ಕೆಂದು ವಿಜ್ಞಾನಿಗಳು ಬಿತ್ತುವುದು ಇದೇ ಮಾರುತಿಯನ್ನು! ಬೂಷ್ಟಿನಲ್ಲಿಯೂ ಭೇದಗಳಿವೆ, ಅದಕ್ಕೂ ತಲೆಮಾರುಗಳಿವೆ ಎಂಬುದನ್ನು ಮರೆಯುವಂತಿಲ್ಲ. ನಾವು ಒಂದೇ ತಳಿಯನ್ನು ಸಾವಿರಾರು ಎಕರೆಗೆ ಬಿತ್ತಿದಾಗ, ಆ ತಳಿಯನ್ನು ಮುರಿಯಬಲ್ಲ ಬೂಷ್ಟಿಗೆ ಸಾವಿರಾರು ಎಕರೆಯ ಔತಣವನ್ನು ಹಾಸಿಕೊಟ್ಟ ಹಾಗಾಗುತ್ತದೆ. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿಯನ್ನು ನೆಟೆ ರೋಗ ಮತ್ತೆ ಭಾರಿಯಾಗಿ ಹಾಳುಮಾಡಿ, ಸರ್ಕಾರ ಪರಿಹಾರ ಸಾರಬೇಕಾಗಿ ಬಂತು. ಮಳೆ ಹೆಚ್ಚಾದದ್ದೂ ಅದಕ್ಕೆ ಕಾರಣವೇ. 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತದ್ದಕ್ಕೆ ನಾವೆಲ್ಲ ಹಿಗ್ಗಿದೆವು. ಹೆಸರಿನ ಮಾನ್ಯತೆಯನ್ನು ಬೂಷ್ಟು ಲೆಕ್ಕಕ್ಕಿಡುವುದಿಲ್ಲ.

ಹಾಗಾದರೆ ರೈತ ಏನು ಮಾಡಬೇಕು? ಕಲಬುರಗಿಯ ಕಡೆ ಕೆಲವು ರೈತರು ಸಾಲಿನ ನಡುವೆ ಹಾಳೆ ಹಾಸಿ, ಗಿಡ ಅಲ್ಲಾಡಿಸಿ ಹುಳುಗಳನ್ನು ಉದುರಿಸಿ ಒಟ್ಟುಗೂಡಿಸುತ್ತಾರೆ. ವಿಷ ತಾಳುವ ಹುಳುವೂ ತಾಳದ ಹುಳುವೂ ಒಂದೇ ಹಾಳೆಗೆ ಬೀಳುವುದರಿಂದ ವಿಷಕ್ಕೆ ಗಟ್ಟಿಯಾದವನ್ನು ಆರಿಸಿ ಉಳಿಸಿದಂತಾಗುವುದಿಲ್ಲ. (ಗಿಡವನ್ನು ಗಟ್ಟಿಯಾಗಿ ಕಚ್ಚಿ ಹಿಡಿಯುವ ಹುಳುಗಳನ್ನು ಆರಿಸುತ್ತೇವೋ ಏನೋ ಎಂದು ತಮಾಷೆಗೆ ಕೇಳಬಹುದು.) ಬೇವಿನ ಬೀಜದ ಕಷಾಯವಿದೆ, ಹುಳುವಿಗಷ್ಟೇ ರೋಗ ತರುವ ವೈರಾಣುವಿನ ದ್ರಾವಣವಿದೆ. ಒಂದೇ ಅಸ್ತ್ರವನ್ನು ಪದೇ ಪದೇ ಪ್ರಯೋಗಿಸದೆ ಬದಲಿಸುತ್ತ ಹೋಗುವುದೇ ಇವೆಲ್ಲದರ ಗುಟ್ಟು. 2002ರಲ್ಲಿ ಬಂದ ಬಿಟಿ ಹತ್ತಿಯ ಸುತ್ತ ಐದು ಸಾಲು ಸಾದಾ ಹತ್ತಿ ಬಿತ್ತಬೇಕೆಂದು ಹೇಳಿದ್ದೂ ಇದಕ್ಕಾಗಿಯೇ. ಸಾದಾ ಹುಳುಗಳೂ ಉಳಿದು ಗಟ್ಟಿ ಹುಳುಗಳೊಡನೆ ಕೂಡಿ ಆ ಗುಣವನ್ನು ತೆಳುವಾಗಿಸಲಿ ಎಂದು. ಬಹುಮಂದಿ ಬಿತ್ತಲಿಲ್ಲ. 2010ರಲ್ಲಿ ಗುಜರಾತಿನ ಗುಲಾಬಿ ಕಾಯಿಕೊರಕ ಆ ಹತ್ತಿಯನ್ನೂ ಜೀರ್ಣಿಸಿಕೊಳ್ಳುತ್ತಿದೆ ಎಂಬ ವರದಿ ಬಂದೇ ಬಂತು.

ಇಷ್ಟರಿಂದ ಹುಳು ಗಟ್ಟಿಯಾಯಿತು, ಗಿಡ ಗಟ್ಟಿಯಾಯಿತು, ಸರಿ. ಹೊಸ ಜೀವಜಾತಿ ಹುಟ್ಟುವುದು ಹೇಗೆ ಎಂದು ಕೇಳುವಿರಿ. ಇದಕ್ಕೂ ತೊಗರಿಯ ನೆಂಟರಲ್ಲಿಯೇ ಉತ್ತರವಿದೆ. ಬಸ್ತರ ಮತ್ತು ಒಡಿಶಾದ ಕಾಡುಗಳಲ್ಲಿ ಕಜಾನಸ್ ಕಜಾನಿಫೋಲಿಯಸ್ ಎಂಬ ಕಾಡುತೊಗರಿಯುಂಟು. ನಮ್ಮ ತೊಗರಿಯ ಮೂಲ ಅದೇ ಎಂದು ವಿಜ್ಞಾನಿಗಳ ಅಭಿಪ್ರಾಯ. ಕಾಡುಗಿಡದ ಕಾಯಿ ಬಲಿತೊಡನೆ ಸಿಡಿದು ಬೀಜವನ್ನು ಚೆಲ್ಲುತ್ತದೆ. ಕಾಡಿನಲ್ಲಿ ಅದಕ್ಕೆ ಅದೇ ಲಾಭ. ಸಾವಿರಾರು ವರ್ಷಗಳ ಹಿಂದೆ ಬುಟ್ಟಿ ಹಿಡಿದು ಕಾಡಿಗೆ ಹೋದ ತಾಯಂದಿರ ಕೈಗೆ ಹೆಚ್ಚಾಗಿ ಸಿಕ್ಕದ್ದು ಸಿಡಿಯದೆ ಗಿಡದಲ್ಲೇ ಉಳಿದ ಕಾಯಿ. ಅದನ್ನೇ ತಂದರು, ಅದನ್ನೇ ಬಿತ್ತಿದರು. ಸಿಡಿಯದ ಗುಣ ಊರಿನ ಗಿಡಗಳಲ್ಲಿ ನೆಲೆನಿಂತಿತು. ಕಾಡಿನಲ್ಲಿ ದೋಷವಾಗಿದ್ದದ್ದು ಊರಿನಲ್ಲಿ ಗುಣವಾಯಿತು. ಈ ನೆಂಟನ ಜತೆ ತೊಗರಿ ಇಂದಿಗೂ ಸುಲಭವಾಗಿ ಕೂಡಿ ಬೀಜ ಕಟ್ಟುತ್ತದೆ. ಸ್ಕಾರಬಿಯಾಯ್ಡಿಸ್ ಎಂಬ ಇನ್ನೊಂದು ನೆಂಟನೊಡನೆ ಕೂಡಿಸುವುದಕ್ಕೆ ಸ್ವಲ್ಪ ಪ್ರಯಾಸಬೇಕು. ಪ್ಲಾಟಿಕಾರ್ಪಸ್ ಎಂಬ ಮತ್ತೊಂದರೊಡನೆ ಕೂಡಿಸಿದರೆ ಭ್ರೂಣ ಕಾಯಿಯಲ್ಲಿಯೇ ಸಾಯುತ್ತದೆ. ಅದನ್ನು ಬಿಡಿಸಿ ಗಾಜಿನ ಕೊಳವೆಯಲ್ಲಿಟ್ಟು ಸಾಕಿದರಷ್ಟೇ ಗಿಡ. ಅಗಲಿದ ಅಣ್ಣತಮ್ಮಂದಿರು ಹೊಸದರಲ್ಲಿ ಒಂದೇ ಮನೆಯವರು, ಮೂರು ತಲೆ ಕಳೆದರೆ ದಾಯಾದಿಗಳು, ಮುಂದೆ ಗುರುತೇ ಇಲ್ಲ. ಜೀವಜಾತಿಗಳು ಬೇರ್ಪಡುವುದು ಹೀಗೆಯೇ, ಕಾಲದ ಅಳತೆ ಮಾತ್ರ ಲಕ್ಷಗಳಲ್ಲಿ. ಈ ಕುಲದಲ್ಲಿ ಮೂವತ್ತಕ್ಕೂ ಮಿಕ್ಕಿ ಜಾತಿಗಳಿವೆ, ಹಲವು ಸಮುದ್ರದಾಚೆಯ ಆಸ್ಟ್ರೇಲಿಯದಲ್ಲಿವೆ. ಜಾತಿ ಎಂಬ ಶಬ್ದವನ್ನು ನಾವು ಬಳಸಿದ್ದು ಗಿಡಗಳಿಗೆ. ಮನುಷ್ಯರದು ಒಂದೇ ಜೀವಜಾತಿ, ಬೀದರದವರಾಗಲಿ ಬೆಳಗಾವಿಯವರಾಗಲಿ.

ಆಯ್ಕೆಗೆ ಭೇದವೇ ಬಂಡವಾಳವೆಂದು ಮೊದಲೇ ಹೇಳಿದೆವು. ಆ ಬಂಡವಾಳದ ಒಂದು ದೊಡ್ಡ ಪಾಲು ನಮ್ಮ ನೆರೆಯಲ್ಲಿಯೇ, ಪಟಾನ್‌ಚೆರುವಿನ ಬೀಜಭಂಡಾರದಲ್ಲಿದೆ. ತೊಗರಿಯೊಂದರದೇ 13,000ಕ್ಕೂ ಹೆಚ್ಚು ಮಾದರಿಗಳನ್ನು ಅಲ್ಲಿ ತಣ್ಣನೆಯ ಕೋಣೆಗಳಲ್ಲಿ ಇಟ್ಟಿದ್ದಾರೆ. ಬಹುಕಾಲ ಉಳಿಯಬೇಕಾದವು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿವೆ. ಬೀಜಕ್ಕೂ ಮುಪ್ಪುಂಟು, ಆಗಾಗ ಬಿತ್ತಿ ಹೊಸದು ಮಾಡಬೇಕು. ಜೇನುನೊಣ ಒಂದು ತಳಿಯ ಪರಾಗವನ್ನು ಇನ್ನೊಂದಕ್ಕೆ ಒಯ್ಯದಂತೆ ಗಿಡಗಳನ್ನು ಬಲೆಯ ಮನೆಗಳಲ್ಲಿ ಬೆಳೆಸುತ್ತಾರೆ. ನಮ್ಮ ಅಜ್ಜಂದಿರು ಬಿತ್ತಿ ಬಿಟ್ಟ ತಳಿಗಳೂ ಅಲ್ಲಿನ ಪೊಟ್ಟಣಗಳಲ್ಲಿರಬಹುದು.

ಅದೇ ಭಂಡಾರದಲ್ಲಿ ಈಗ ಹೇಳಿದ ಸ್ಕಾರಬಿಯಾಯ್ಡಿಸ್ ಬಳ್ಳಿಯ ಬೀಜವೂ ಇದೆ. ನಮ್ಮ ದೇಶದ ಬೇಲಿಗಳಲ್ಲಿ, ಹುಲ್ಲಿನ ನಡುವೆ ಹಬ್ಬುವ ಬಡ ಬಳ್ಳಿ. ಕಾಳು ಸಾಸಿವೆಗಿಂತ ತುಸು ದೊಡ್ಡದಷ್ಟೆ, ಯಾರೂ ಬೇಯಿಸಿ ತಿನ್ನುವುದಿಲ್ಲ. ಆದರೆ ಅದರ ಕಾಯಿಯ ಮೈಮೇಲೆ ದಟ್ಟವಾದ ಸಣ್ಣ ರೋಮಗಳಿವೆ. ಮೊಟ್ಟೆಯೊಡೆದ ಮರಿಹುಳು ಆ ರೋಮಗಳ ಕಾಡಿನಲ್ಲಿ ಸಿಕ್ಕಿ ಕಾಯಿಯ ಸಿಪ್ಪೆಯನ್ನು ಮುಟ್ಟಲಾರದೆ ಹಸಿದು ಸಾಯುತ್ತದೆ. ಈ ಗುಣವನ್ನು ಊರಿನ ತೊಗರಿಗೆ ತರುವ ಯತ್ನ ಹಲವು ವರ್ಷಗಳಿಂದ ನಡೆದಿದೆ. ರೋಮದ ಜತೆಗೆ ಸಣ್ಣ ಕಾಳೂ ಸಿಡಿಯುವ ಕಾಯಿಯೂ ಹಿಂಬಾಲಿಸಿ ಬರುವುದರಿಂದ ತಲೆಮಾರು ತಲೆಮಾರಾಗಿ ಆರಿಸುತ್ತ ಹೋಗಬೇಕು, ಅವಸರದ ಕೆಲಸವಲ್ಲ. ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಿ, ಚರಗ ಚೆಲ್ಲಿ, ಹೊಲದಲ್ಲಿ ಭಜ್ಜಿ ರೊಟ್ಟಿ ಉಣ್ಣುವವರು ಬದುವಿನ ಗಿಡಗಂಟಿಗಳ ನಡುವೆ ಹುಡುಕಿರಿ. ಪುಟ್ಟ ತೊಗರಿಕಾಯಿಯಂತೆಯೇ ಇರುವ ಕಾಯಿ ಬಿಟ್ಟ ಬಳ್ಳಿ ಕಂಡರೆ ಒಮ್ಮೆ ಬೆರಳಿಂದ ಸವರಿ ನೋಡಿರಿ, ಆ ರೋಮಗಳು ಕೈಗೆ ತಿಳಿಯುತ್ತವೆ. ಮಕ್ಕಳ ಕೈಯಲ್ಲೂ ಮುಟ್ಟಿಸಿರಿ.