ವಾಂತಿಯೂ ರಕ್ತದ ಲವಣಗಳೂ



ಸಾಕಿದ ನಾಯಿಯು ಹುಲ್ಲು ಮೇದು ಒಮ್ಮೆ ಕಕ್ಕಿದರೆ ಯಾರೂ ಚಿಂತಿಸುವುದಿಲ್ಲ. ಆದರೆ ಎಡೆಬಿಡದೆ ವಾಂತಿಮಾಡುವ ಪ್ರಾಣಿಯು ಆಹಾರವನ್ನೂ ನೀರನ್ನೂ ಮಾತ್ರವಲ್ಲದೆ ರಕ್ತದ ಲವಣಗಳನ್ನೂ ಕಳೆದುಕೊಳ್ಳುತ್ತದೆ. ಹೋದುದು ಯಾವುದೆಂದು ತಿಳಿಯದೆ ಕೊಟ್ಟ ಔಷಧವು ಅಪಾಯವನ್ನು ಹೆಚ್ಚಿಸಲೂಬಹುದು.

ಜಠರರಸದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೆಂದು ಇಂಗ್ಲೆಂಡಿನ ವಿಲಿಯಂ ಪ್ರೌಟನು 1824ರಲ್ಲಿ ಪ್ರಕಟಿಸಿದನು. ಇದಕ್ಕೆ ಬೇಕಾದ ಕ್ಲೋರೈಡು ರಕ್ತದಿಂದಲೇ ಬರತಕ್ಕದ್ದು. ಆಮ್ಲವು ಜಠರಕ್ಕೆ ಇಳಿದಾಗ ಅದಕ್ಕೆ ಸಮನಾದ ಕ್ಷಾರವು, ಅಂದರೆ ಬೈಕಾರ್ಬೊನೇಟು, ರಕ್ತವನ್ನು ಸೇರುತ್ತದೆ. ಆಮ್ಲವು ಕರುಳಿಗೆ ಸಾಗಿ ಅಲ್ಲಿಯ ಕ್ಷಾರದೊಡನೆ ಕೂಡಿದರೆ ಜಮಾಖರ್ಚು ಸರಿಹೋಗುವುದು. ವಾಂತಿಯಲ್ಲಿ ಹೊರಬಿದ್ದರೆ ರಕ್ತದಲ್ಲಿ ಕ್ಲೋರೈಡು ಕುಗ್ಗಿ ಕ್ಷಾರವು ಮಿಗುವುದು. ಅಮೆರಿಕದಲ್ಲಿ ಮೆಕ್ಯಾಲಂ ಮತ್ತು ಸಂಗಡಿಗರು 1920ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ನಾಯಿಗಳ ಜಠರದ ಕೆಳದ್ವಾರವನ್ನು ಮುಚ್ಚಿ ಪರೀಕ್ಷಿಸಿದಾಗ ಇದೇ ಸ್ಥಿತಿಯುಂಟಾಗಿ, ಸ್ನಾಯುಗಳು ಸೆಟೆದುಕೊಂಡುವು.

ಇದರೊಡನೆ ಪೊಟ್ಯಾಸಿಯಮೂ ವಾಂತಿಯಲ್ಲಿ ಸ್ವಲ್ಪ, ಮೂತ್ರದಲ್ಲಿ ಹೆಚ್ಚಾಗಿ, ನಷ್ಟವಾಗುತ್ತದೆ. ಪ್ರಾಣಿಯ ಕಾಲುಗಳು ಸೋಲುತ್ತವೆ. ಹೃದಯದ ಬಡಿತವೂ ಕ್ರಮತಪ್ಪಬಹುದು.

ಹಸುವು ವಾಂತಿಮಾಡುವುದು ಬಲು ವಿರಳ. ಆದರೂ ಈ ತೊಂದರೆಯಿಂದ ಅದು ಪಾರಾಗಿಲ್ಲ. ಹೆಚ್ಚು ಹಾಲು ಕರೆಯುವ ಹಸುಗಳಲ್ಲಿ, ಕರು ಹಾಕಿದ ಕೆಲವು ವಾರಗಳಲ್ಲಿ, ನಾಲ್ಕನೆಯ ಹೊಟ್ಟೆಯು ಗಾಳಿ ತುಂಬಿ ಸ್ಥಾನತಪ್ಪುವುದುಂಟು. ಆಮ್ಲವು ಮುಂದಕ್ಕೆ ಸಾಗದೆ ಅಲ್ಲಿಯೇ ನಿಲ್ಲುತ್ತದೆ. ಹೊರಗೆ ಏನೂ ಕಾಣದಿದ್ದರೂ ರಕ್ತದ ಪಾಲಿಗೆ ಅದು ವಾಂತಿಯೇ ಸರಿ.

ಎಳಗರುವಿನ ಭೇದಿಯು ಇದಕ್ಕೆ ತದ್ವಿರುದ್ಧ. ಅಲ್ಲಿ ಕರುಳಿನ ಕ್ಷಾರವು ಹೋಗಿ ರಕ್ತವು ಆಮ್ಲದ ಕಡೆಗೆ ವಾಲುತ್ತದೆ. ಆದುದರಿಂದ ಕರುವಿಗೆ ವೈದ್ಯರು ಸೋಡಾ ಬೆರೆತ ದ್ರವವನ್ನು ಕೊಡುವುದು ಯುಕ್ತ. ಅದನ್ನು ನೋಡಿ, ಹೊಟ್ಟೆ ಕೆಟ್ಟಿತೆಂಬ ಒಂದೇ ಕಾರಣದಿಂದ, ಜಠರರಸವನ್ನು ಕಕ್ಕುತ್ತಿರುವ ನಾಯಿಗೂ ಮೇವು ಬಿಟ್ಟ ಹಸುವಿಗೂ ಅಡಿಗೆಸೋಡಾ ಕುಡಿಸಿದರೆ, ಮಿಕ್ಕಿರುವ ಕ್ಷಾರಕ್ಕೆ ಇನ್ನಷ್ಟು ಕ್ಷಾರವನ್ನು ಸೇರಿಸಿದಂತಾಗುವುದು. ಇವಕ್ಕೆ ಬೇಕಾದುದು ಕ್ಲೋರೈಡು. ಲೀಟರಿಗೆ 9 ಗ್ರಾಂ ಉಪ್ಪಿರುವ ಶುದ್ಧ ದ್ರಾವಣವನ್ನು, ಅಗತ್ಯವಿದ್ದರೆ ಪೊಟ್ಯಾಸಿಯಮನ್ನೂ ಕೂಡಿಸಿ, ವೈದ್ಯರು ರಕ್ತನಾಳದೊಳಕ್ಕೆ ಬಿಡುತ್ತಾರೆ. ಕ್ಲೋರೈಡು ದೊರೆತ ಬಳಿಕ ಮೂತ್ರಪಿಂಡಗಳು ಮಿಕ್ಕ ಕ್ಷಾರವನ್ನು ಹೊರಹಾಕುತ್ತವೆ. ಸ್ಥಾನತಪ್ಪಿದ ಹೊಟ್ಟೆಯನ್ನು ಸರಿಪಡಿಸುವುದು ಬೇರೆಯ ಕೆಲಸ, ಅದೂ ಆಗಲೇಬೇಕು.

ವಾಂತಿಯಲ್ಲಿ ಪಿತ್ತವು ಬೆರೆತಿದ್ದರೆ ಕರುಳಿನ ಕ್ಷಾರವೂ ಹೋಗಿರಬಹುದು. ಆಗ ರಕ್ತಪರೀಕ್ಷೆಯೇ ನಿರ್ಣಾಯಕ. ಎಷ್ಟು ಬಾರಿ ವಾಂತಿಯಾಯಿತು, ಯಾವ ಬಣ್ಣದ್ದು, ಭೇದಿಯಿದೆಯೆ, ಮೂತ್ರವಾಯಿತೆ ಎಂಬುದನ್ನು ಗಮನಿಸಿ ತಡಮಾಡದೆ ಪಶುವೈದ್ಯರಿಗೆ ತಿಳಿಸಿರಿ. ಮೂಕಪ್ರಾಣಿಗಾಗಿ ಮಾತನಾಡತಕ್ಕವರು ಅದನ್ನು ಸಾಕಿದವರೇ.